ಜಾಹೀರಾತು ಫಲ ಕೊಡುತ್ತಿಲ್ಲವೇ? ಮೊದಲು ಗುರಿಯನ್ನು ತಪಾಸಣೆ ಮಾಡಿ

"ಆ್ಯಡ್ ವರ್ಕ್ ಆಗ್ತಿಲ್ಲ ಸರ್."

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುವ ಸಣ್ಣ ವ್ಯಾಪಾರಿಗಳಿಂದ ನಾನು ಅತಿ ಜಾಸ್ತಿ ಕೇಳಿರುವ ಮಾತು ಇದು. ಹೋಮ್‌ಸ್ಟೇ ನಡೆಸುವವರು, ಸೀರೆ ಮಾರುವವರು, ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡುವವರು ಎಲ್ಲರೂ ಹೀಗೇ ಶುರು ಮಾಡುತ್ತಾರೆ. ಅಷ್ಟರಲ್ಲಿ ಅವರು ಫೋಟೊ ಬದಲಿಸಿರುತ್ತಾರೆ, ವಿಡಿಯೊ ಬದಲಿಸಿರುತ್ತಾರೆ, ಇನ್ನೊಂದೆರಡು ಸಾವಿರ ಸುರಿದಿರುತ್ತಾರೆ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಏನಾಗಬೇಕು ಅಂತ ಹಾಕಿದ್ರಿ?" "ಸೇಲ್ಸ್ ಆಗ್ಲಿ ಅಂತ" ಎನ್ನುತ್ತಾರೆ. ಎಷ್ಟು, ಯಾರಿಗೆ, ಯಾವಾಗಿನ ಒಳಗೆ ಎಂದು ಕೇಳಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ದೋಷ ಹೆಚ್ಚಿನ ಸಲ ಅಲ್ಲೇ ಇರುತ್ತದೆ. ಫೋಟೊದಲ್ಲಲ್ಲ, ದುಡ್ಡು ಹಾಕುವ ಮೊದಲು ಬರೆಯಬೇಕಿದ್ದ ಆ ಒಂದು ಸಾಲಿನಲ್ಲಿ. ಹಾಗಾಗಿ ನಿಮ್ಮ ಕಣ್ಣಿಗೆ ಬೀಳುವ ಲಕ್ಷಣದಿಂದಲೇ ಶುರು ಮಾಡಿ, ಖರ್ಚಿಲ್ಲದ ತಪಾಸಣೆಯಿಂದ ಕಷ್ಟದ ತಪಾಸಣೆಯ ಕಡೆಗೆ ಹೋಗೋಣ. ಉದಾಹರಣೆಗೆ ನಮ್ಮ ಚಿಕ್ಕಮ್ಮನ ಅಪ್ಪೆಮಿಡಿ (ಮಲೆನಾಡಿನ ಘಮದ ಎಳೆ ಮಾವು) ಉಪ್ಪಿನಕಾಯಿಯನ್ನೇ ಇಟ್ಟುಕೊಳ್ಳುತ್ತೇನೆ. ಅವರ ಮನೆ ಶಿರಸಿ ಹತ್ತಿರ. ಅವರ ಪ್ರಚಾರದಲ್ಲಿ ನಾನೇ ಮಾಡಿದ ತಪ್ಪುಗಳಿಂದ ಈ ತಪಾಸಣೆಗಳಲ್ಲಿ ಅರ್ಧದಷ್ಟನ್ನು ಕಲಿತೆ. ಲೆಕ್ಕ ಸುಲಭವಾಗಲಿ ಎಂದು ಬೆಲೆಗಳನ್ನು ದುಂಡಗೆ ಮಾಡಿದ್ದೇನೆ.

ಯಾವ ಲಕ್ಷಣವೇ ಇರಲಿ, ಮೊದಲು ಚೀಟಿ ಪರೀಕ್ಷೆ

ಖರ್ಚು: ಒಂದು ಹಾಳೆ, ಹತ್ತು ನಿಮಿಷ. ಫೋನ್ ಪಕ್ಕಕ್ಕಿಡಿ. ಈ ಪ್ರಚಾರದಿಂದ ಏನಾಗಬೇಕು ಎನ್ನುವುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಚಿಕ್ಕಮ್ಮನ ಹಾಳೆಯಲ್ಲಿ ಈಗ ಇರುವುದು ಹೀಗೆ:

"ಬೆಂಗಳೂರಿನಲ್ಲಿರುವ ಮಲೆನಾಡಿನ ಮನೆಗಳಿಗೆ ಈಗ ತಿಂಗಳಿಗೆ 30 ಬಾಟಲಿ ಹೋಗುತ್ತಿದೆ. ಚೌತಿ ಬರುವ ತಿಂಗಳಲ್ಲಿ ಅದು 80 ಆಗಬೇಕು. ಲೆಕ್ಕ ಬರೆಯುವುದು ತಂಗಿಯ ಕೆಲಸ."

ಬರೆಯುವಾಗ ಎಲ್ಲಿ ಪೆನ್ನು ನಿಲ್ಲುತ್ತದೆ ಎಂದು ಗಮನಿಸಿ. ದೋಷ ಎಲ್ಲಿದೆ ಎನ್ನುವುದನ್ನು ಅದೇ ತೋರಿಸುತ್ತದೆ.

"ಯಾರಿಗೆ" ಎನ್ನುವಲ್ಲಿ ನಿಂತರೆ ಜಾಹೀರಾತು ಎಲ್ಲರಿಗೂ ಹೋಗುತ್ತಿದೆ ಎಂದರ್ಥ. ಉಪ್ಪಿನಕಾಯಿಯನ್ನು ಎಲ್ಲರೂ ತಿನ್ನುತ್ತಾರೆ, ನಿಜ. ಆದರೆ ಜೀರಿಗೆ ಮಿಡಿಯ ವಾಸನೆ ಗೊತ್ತಿರುವವರು ಬೇರೆ, ಅಂಗಡಿಯ ಮಾವಿನ ಹೋಳು ಸಾಕು ಎನ್ನುವವರು ಬೇರೆ.

"ಈಗ ಎಷ್ಟು" ಎನ್ನುವಲ್ಲಿ ನಿಂತರೆ ನಿಮ್ಮ ಹತ್ತಿರ ಹಿಂದಿನ ಲೆಕ್ಕವೇ ಇಲ್ಲ. ಅಂಥವರು ಇವತ್ತು ಜಾಹೀರಾತು ನಿಲ್ಲಿಸಿ, ಎರಡು ವಾರ ಸುಮ್ನೆ ಲೆಕ್ಕ ಬರೆದರೆ ಸಾಕು. ರಸೆಲ್ ಕಾಲಿ ಎಂಬವರು 1961ರಲ್ಲೇ ಅಮೆರಿಕದ ಜಾಹೀರಾತುದಾರರ ಸಂಘಕ್ಕಾಗಿ ಇದನ್ನು ವಿವರವಾಗಿ ಬರೆದಿದ್ದರು. ಯಾರನ್ನು ಮುಟ್ಟಬೇಕು, ಎಲ್ಲಿಂದ ಶುರು, ಎಷ್ಟು ಬದಲಾವಣೆ, ಎಷ್ಟು ದಿನದಲ್ಲಿ ಎನ್ನುವ ನಾಲ್ಕೂ ಇಲ್ಲದೆ ಜಾಹೀರಾತಿನ ಫಲ ಅಳೆಯಲು ಆಗುವುದಿಲ್ಲ ಎನ್ನುವುದು ಅವರ ವಾದ. ಅರವತ್ತು ವರ್ಷ ದಾಟಿದೆ. ಇವತ್ತಿಗೂ ಜನ ಮರೆಯುವುದು "ಎಲ್ಲಿಂದ ಶುರು" ಎನ್ನುವುದನ್ನೇ.

"ಯಾರ ಕೆಲಸ" ಎನ್ನುವಲ್ಲಿ ನಿಂತರೆ ಮನೆಯಲ್ಲಿ ಎಲ್ಲರೂ ಮಾಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಸ್ಮಾರ್ಟ್ ಗುರಿ ಎಂಬ ಮಾತನ್ನು ನೀವು ಯಾವುದಾದರೂ ತರಬೇತಿಯಲ್ಲಿ ಕೇಳಿರಬಹುದು. ಒಳ್ಳೆಯ ಗುರಿಯ ಐದು ಗುಣಗಳ ಇಂಗ್ಲಿಷ್ ಮೊದಲಕ್ಷರ ಸೇರಿ ಆದ ಹೆಸರು ಅದು. ಅಲ್ಲಿ 'ಎ' ಅಕ್ಷರಕ್ಕೆ 'ಸಾಧಿಸಬಹುದಾದದ್ದು' ಎಂದು ಹೇಳಿಕೊಡುತ್ತಾರೆ. 1981ರಲ್ಲಿ ಜಾರ್ಜ್ ಡೋರಾನ್ ಇದನ್ನು ಮೊದಲು ಬರೆದಾಗ ಅದರ ಅರ್ಥ ಬೇರೆ ಇತ್ತು: 'ಇಂಥವರಿಗೆ ವಹಿಸಬಹುದಾದದ್ದು'. ಮನೆಮಂದಿ ಸೇರಿ ನಡೆಸುವ ವ್ಯಾಪಾರಕ್ಕೆ ಹಳೆಯ ಅರ್ಥವೇ ಹೆಚ್ಚು ಬೇಕು ಎಂದು ನನಗೆ ಅನಿಸುತ್ತದೆ.

ವಾಕ್ಯದಲ್ಲಿ ಎರಡು ಸಲ "ಜೊತೆಗೆ" ಬಂದರೆ ನೀವು ಎರಡು ಪ್ರಚಾರವನ್ನು ಒಂದೇ ದುಡ್ಡಿನಲ್ಲಿ ಮಾಡಲು ಹೊರಟಿದ್ದೀರಿ. ಒಂದನ್ನು ಮುಂದಿನ ತಿಂಗಳಿಗೆ ಎತ್ತಿಡಿ.

ಲಕ್ಷಣ: "ಲೈಕ್ ಬರ್ತಿದೆ, ಆರ್ಡರ್ ಬರ್ತಿಲ್ಲ"

ನಮ್ಮ ಮೊದಲ ಪ್ರಚಾರಕ್ಕೆ ಆಗಿದ್ದು ಇದೇ. ಒಂದು ವಾರದಲ್ಲಿ 4,000 ರೂಪಾಯಿ ಹೋಯಿತು. ಎರಡು ಸಾವಿರಕ್ಕೂ ಜಾಸ್ತಿ ಲೈಕ್ ಬಂತು. "ಬಾಯಲ್ಲಿ ನೀರು ಬಂತು", "ಅಜ್ಜಿ ನೆನಪಾಯ್ತು" ಎಂಬ ಕಾಮೆಂಟ್‌ಗಳು. ಆರ್ಡರ್ ಮೂರು. "ಅಲ್ವೋ, ಎರಡು ಸಾವಿರ ಜನ ಚೆನ್ನಾಗಿದೆ ಅಂದ್ರು, ತಗೊಂಡವರು ಮೂರೇ ಜನವಾ?" ಎಂದು ಚಿಕ್ಕಮ್ಮ ಕೇಳಿದರು. ಉತ್ತರ, ಫೇಸ್‌ಬುಕ್ ಜಾಹೀರಾತು ನಡೆಸುವ ಪುಟವಾದ ಆ್ಯಡ್ಸ್ ಮ್ಯಾನೇಜರ್‌ನ ಒಂದು ಸಾಲಿನಲ್ಲಿತ್ತು. ಅಲ್ಲಿ ಗುರಿ ಎಂದು ನಾನೇ 'ಎಂಗೇಜ್‌ಮೆಂಟ್' (ಲೈಕ್, ಕಾಮೆಂಟ್ ಥರದ ಪ್ರತಿಕ್ರಿಯೆ) ಆರಿಸಿದ್ದೆ.

ತಪಾಸಣೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತು ಹಾಕುವಾಗ ಆರು ಉದ್ದೇಶಗಳಲ್ಲಿ ಒಂದನ್ನು ಆರಿಸಬೇಕು: ಅವೇರ್‌ನೆಸ್ (ಹೆಸರು ತಿಳಿಸುವುದು), ಟ್ರಾಫಿಕ್ (ಲಿಂಕಿಗೆ ಜನರನ್ನು ಕಳಿಸುವುದು), ಎಂಗೇಜ್‌ಮೆಂಟ್, ಲೀಡ್ಸ್ (ಆಸಕ್ತರ ಫೋನ್ ನಂಬರ್ ಥರದ ವಿವರ), ಆ್ಯಪ್ ಪ್ರಮೋಷನ್, ಸೇಲ್ಸ್. ನಿಮ್ಮ ಕ್ಯಾಂಪೇನ್ ತೆರೆದು ಯಾವುದಿದೆ ನೋಡಿ. ಪೋಸ್ಟಿನ ಕೆಳಗಿನ 'ಬೂಸ್ಟ್' ಗುಂಡಿ ಒತ್ತಿ ದುಡ್ಡು ಕಟ್ಟಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ನೋಡಿ. ಅವಸರದಲ್ಲಿ ಆ ಗುಂಡಿ ಒತ್ತುವವರು ಉದ್ದೇಶದ ಆಯ್ಕೆಯನ್ನು ಓದದೇ ದಾಟಿ ಹೋಗಿರುತ್ತಾರೆ.

ಇದರ ಅರ್ಥ: ನೀವು ಕೇಳಿದ್ದನ್ನೇ ಯಂತ್ರ ಕೊಡುತ್ತದೆ. ಲೈಕ್ ಬೇಕು ಎಂದರೆ ಲೈಕ್ ಒತ್ತುವ ಅಭ್ಯಾಸ ಇರುವವರನ್ನು ಹುಡುಕಿ ತೋರಿಸುತ್ತದೆ. ಅವರು ಒಳ್ಳೆಯವರೇ, ಆದರೆ ಕೊಳ್ಳುವವರು ಬೇರೆ ಇರಬಹುದು.

ಪರಿಹಾರ: ಹಳೆಯದನ್ನು ತಿದ್ದುವುದಕ್ಕಿಂತ ಸರಿಯಾದ ಉದ್ದೇಶ ಇಟ್ಟು ಹೊಸ ಕ್ಯಾಂಪೇನ್ ಮಾಡುವುದೇ ವಾಸಿ. ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ಳುವವರು ಮೆಸೇಜ್ ಬರುವಂತೆ ಹಾಕಿ.

ಒಂದು ಎಚ್ಚರಿಕೆ. ನಿಮ್ಮ ಚೀಟಿಯಲ್ಲಿ "ಹೆಸರು ಗೊತ್ತಾಗಬೇಕು" ಎಂದೇ ಬರೆದಿದ್ದರೆ ಆರ್ಡರ್ ಬರದಿರುವುದು ದೋಷವಲ್ಲ. ಹೊಸ ಊರಿಗೆ, ಹೊಸ ಹೆಸರಿಗೆ ಅದೂ ನ್ಯಾಯವಾದ ಗುರಿಯೇ. ಆಗ ಅಳೆಯಬೇಕಾದ್ದು ಲೈಕ್ ಅಲ್ಲ, ನಿಮ್ಮ ಹೆಸರು ಹೇಳಿಕೊಂಡು ಕೇಳುವವರು ಜಾಸ್ತಿ ಆದರಾ ಎನ್ನುವುದು. "ಆ ಶಿರಸಿಯವರ ಉಪ್ಪಿನಕಾಯಿ ಇದ್ಯಾ?" ಎಂದು ಬಂದ ಫೋನ್‌ಗಳನ್ನು ಒಂದು ಗೆರೆ ಎಳೆದು ಎಣಿಸಿದರೂ ಸಾಕು.

ಲಕ್ಷಣ: "ಮೆಸೇಜ್ ತುಂಬ ಬರುತ್ತೆ, ರೇಟ್ ಕೇಳಿ ಮಾಯ"

ಇದಕ್ಕೆ ಫೋನ್ ಮತ್ತು ನೋಟ್‌ಬುಕ್ ಸಾಕು. ಹತ್ತು ದಿನದ ಮೆಸೇಜ್‌ಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಎಣಿಸಿ. ನಮ್ಮದು ಒಂದು ಸಲ ಹೀಗಿತ್ತು: ಮೆಸೇಜ್ ಮಾಡಿದವರು 120. ರೇಟ್ ಹೇಳಿದ ಮೇಲೆ ಮತ್ತೆ ಮಾತಾಡಿದವರು 48. ವಿಳಾಸ ಕಳಿಸಿದವರು 26. ದುಡ್ಡು ಹಾಕಿದವರು 24. ಅಂದರೆ ಐದು ಜನರಲ್ಲಿ ಒಬ್ಬರು.

ಎಲ್ಲಿ ಜಾರಿದರು ನೋಡಿ. ವಿಳಾಸ ಕೊಟ್ಟವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ದುಡ್ಡು ಹಾಕಿದ್ದಾರೆ. ಹಾಗಾದರೆ ಯುಪಿಐ, ಕೊರಿಯರ್, ನಂಬಿಕೆ ಇವುಗಳಲ್ಲಿ ತೊಂದರೆ ಇಲ್ಲ. ರೇಟ್ ಕೇಳಿದ ಕೂಡಲೇ 72 ಜನ ಹೋಗಿದ್ದಾರೆ. ಇದಕ್ಕೆ ಮೂರು ಕಾರಣ ಇರಬಹುದು. ಸುಲಭದ್ದನ್ನು ಮೊದಲು ನೋಡಿ.

ಒಂದು, ಉತ್ತರ ತಡ. ಜನ ರಾತ್ರಿ ಊಟ ಆದ ಮೇಲೆ ಫೋನ್ ನೋಡಿ ಮೆಸೇಜ್ ಮಾಡುತ್ತಾರೆ. ನೀವು ಮರುದಿನ ಹಾಲು ಕರೆದು, ತಿಂಡಿ ಮುಗಿಸಿ ಹನ್ನೊಂದಕ್ಕೆ ಉತ್ತರಿಸಿದರೆ ಅವರ ಆಸೆ ಆರಿರುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಬೆಲೆ, ತೂಕ, ಕೊರಿಯರ್ ಖರ್ಚು ಮೂರೂ ಇರುವ ಒಂದು ತಯಾರಿ ಉತ್ತರ ಇಟ್ಟುಕೊಳ್ಳಿ. ಇದಕ್ಕೆ ದುಡ್ಡು ಬೇಡ.

ಎರಡು, ಕೊರಿಯರ್ ಖರ್ಚನ್ನು ಕೊನೆಗೆ ಹೇಳುವುದು. 290 ಎಂದು ಕೇಳಿ ಖುಷಿಯಾದವರಿಗೆ 350 ಎಂದರೆ ಮೋಸ ಹೋದಂತೆ ಆಗುತ್ತದೆ. ಬೆಲೆ ಒಂದೇ ಆದರೂ ಮೊದಲೇ 350 ಎಂದಿದ್ದರೆ ಹಾಗೆ ಅನಿಸುವುದಿಲ್ಲ.

ಮೂರು, ಜಾಹೀರಾತಿನಲ್ಲೇ ಬೆಲೆ ಇಲ್ಲದಿರುವುದು. ನಾವು ಬಾಟಲಿಯ ಚಿತ್ರದ ಮೇಲೆ "ಅರ್ಧ ಕೆಜಿ, 350, ಕೊರಿಯರ್ ಸೇರಿ" ಎಂದು ಬರೆದೆವು. ಮೆಸೇಜ್ ಅರ್ಧಕ್ಕೆ ಇಳಿಯಿತು. ತಂಗಿ ಗಾಬರಿಯಾದಳು. ಆದರೆ ಬಾಟಲಿ ಹೋಗುವುದು ಕಡಿಮೆ ಆಗಲಿಲ್ಲ, ಅವಳ ರಾತ್ರಿಯ ಕೆಲಸ ಮಾತ್ರ ಕಡಿಮೆ ಆಯಿತು. ಗುರಿ "ಮೆಸೇಜ್ ಜಾಸ್ತಿ ಆಗಬೇಕು" ಎಂದಿದ್ದರೆ ನಾವು ಇದನ್ನು ಸೋಲು ಎಂದು ತಿಳಿದು ಹಳೆಯ ಚಿತ್ರವನ್ನೇ ಮತ್ತೆ ಹಾಕುತ್ತಿದ್ದೆವು. ಗುರಿ "ದುಡ್ಡು ಬಂದ ಆರ್ಡರ್" ಎಂದಿದ್ದರಿಂದ ಉಳಿದುಕೊಂಡೆವು.

ಲಕ್ಷಣ: "ಒಂದು ದಿನ ಚೆನ್ನಾಗಿ ಓಡುತ್ತೆ, ಮರುದಿನ ಸತ್ತು ಹೋಗುತ್ತೆ"

ಕ್ಯಾಂಪೇನ್ ಒಳಗಿನ 'ಆ್ಯಡ್ ಸೆಟ್' ಪಕ್ಕದಲ್ಲಿ 'ಲರ್ನಿಂಗ್' (ಕಲಿಕೆ) ಎಂದು ಬರೆದಿದೆಯಾ ನೋಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ವ್ಯವಸ್ಥೆ ಸರಿಯಾದ ಜನರನ್ನು ಕಲಿತುಕೊಳ್ಳಲು, ನೀವು ಕೇಳಿದ ಫಲ ವಾರದಲ್ಲಿ ಸುಮಾರು 50 ಸಲ ಸಿಗಬೇಕು. ದಿನಕ್ಕೆ 200 ರೂಪಾಯಿ ಹಾಕಿ, ವೆಬ್‌ಸೈಟಿನಲ್ಲಿ ಕೊಂಡವರನ್ನೇ ಹುಡುಕಿಕೊಡು ಎಂದರೆ ವಾರಕ್ಕೆ 50 ಮಾರಾಟ ಎಲ್ಲಿಂದ ಬರಬೇಕು? ಅದು ಕಲಿಯುವ ಮೊದಲೇ ನಿಮ್ಮ ದುಡ್ಡು ಮುಗಿಯುತ್ತದೆ.

ಪರಿಹಾರ ಒಂದು ಮೆಟ್ಟಿಲು ಕೆಳಗೆ ಇಳಿಯುವುದು. ಯಂತ್ರಕ್ಕೆ ಕೊಡುವ ಗುರಿ ಮೆಸೇಜ್ ಆಗಿರಲಿ, ನಿಮ್ಮ ಪುಸ್ತಕದ ಗುರಿ ಮಾರಾಟವೇ ಆಗಿರಲಿ. ಇವೆರಡು ಬೇರೆ ಬೇರೆ ಎನ್ನುವುದು ಗೊತ್ತಿದ್ದರೆ ಸಾಕು.

ಹಾಗೇ ದಿನಾ ಬೆಳಿಗ್ಗೆ ಎದ್ದು ಬಜೆಟ್, ಚಿತ್ರ, ಊರು ಬದಲಿಸುತ್ತಾ ಇರಬೇಡಿ. ದೊಡ್ಡ ಬದಲಾವಣೆ ಮಾಡಿದಾಗಲೆಲ್ಲ ಕಲಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಬೀಜ ಹಾಕಿ ದಿನಾ ಕೆದಕಿ ನೋಡಿದರೆ ಮೊಳಕೆ ಬರುತ್ತಾ, ಅಲ್ವಾ? ಕನಿಷ್ಠ ಒಂದು ವಾರ ಬಿಡಿ. ಒಂದು ಚಿತ್ರಕ್ಕೆ 5 ಆರ್ಡರ್, ಇನ್ನೊಂದಕ್ಕೆ 3 ಬಂದರೆ ಮೊದಲನೆಯದೇ ಮೇಲು ಎಂದು ತೀರ್ಮಾನಿಸಲೂ ಬೇಡಿ. ಅಷ್ಟು ಸಣ್ಣ ಅಂತರ ಕಾಕತಾಳೀಯವೂ ಆಗಿರಬಹುದು.

ಲಕ್ಷಣ: "ಮೂರು ಕಡೆ ಮೂರು ಲೆಕ್ಕ"

ಫೇಸ್‌ಬುಕ್ 18 ಮಾರಾಟ ನನ್ನಿಂದ ಎನ್ನುತ್ತದೆ. ಗೂಗಲ್ 11 ನನ್ನಿಂದ ಎನ್ನುತ್ತದೆ. ನಿಮ್ಮ ಪುಸ್ತಕದಲ್ಲಿ ಒಟ್ಟು ಇರುವುದೇ 21. ಯಾರೂ ಸುಳ್ಳು ಹೇಳುತ್ತಿಲ್ಲ. ಮೆಟಾ ಸಾಮಾನ್ಯವಾಗಿ ಜಾಹೀರಾತು ಒತ್ತಿ ಏಳು ದಿನದೊಳಗೆ, ಅಥವಾ ಬರೀ ನೋಡಿ ಒಂದು ದಿನದೊಳಗೆ ಕೊಂಡವರನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅದೇ ಮನುಷ್ಯ ಗೂಗಲ್‌ನಲ್ಲಿ ನಿಮ್ಮ ಹೆಸರು ಹುಡುಕಿಯೂ ಬಂದಿರಬಹುದು. ಒಬ್ಬನೇ ಗಿರಾಕಿ ಎರಡು ಕಡೆ ಎಣಿಕೆಯಾಗುತ್ತಾನೆ.

ಹಾಗಾಗಿ ಗುರಿ ಬರೆಯುವಾಗಲೇ "ಯಾವ ಪುಸ್ತಕದ ಲೆಕ್ಕ" ಎಂದೂ ಬರೆಯಿರಿ. ನನ್ನ ಅಭಿಪ್ರಾಯದಲ್ಲಿ ಸಣ್ಣ ವ್ಯಾಪಾರಕ್ಕೆ ಒಂದೇ ಪುಸ್ತಕ: ದುಡ್ಡು ಬಂದು ನಿಂತ ಪುಸ್ತಕ. ಎಲ್ಲಿಂದ ಬಂದರು ಎಂದು ತಿಳಿಯಲು ಪ್ರತಿ ಜಾಗಕ್ಕೂ ಬೇರೆ ವಾಟ್ಸಾಪ್ ಲಿಂಕ್ ಇಡಿ, ಅದರಲ್ಲಿ ಮೊದಲೇ ಬರೆದ ಮಾತು ಬೇರೆ ಇರಲಿ. ಇನ್‌ಸ್ಟಾಗ್ರಾಂನಿಂದ ಬಂದವರು "ಮಿಡಿ ಉಪ್ಪಿನಕಾಯಿ ಬೇಕು" ಎಂದು ಶುರು ಮಾಡಲಿ, ಕರಪತ್ರದ ಕ್ಯೂಆರ್ ಕೋಡಿನಿಂದ ಬಂದವರು "ಅಪ್ಪೆಮಿಡಿ ಬೇಕು" ಎಂದು. ವೆಬ್‌ಸೈಟ್ ಇದ್ದವರು ಲಿಂಕಿನ ಬಾಲಕ್ಕೆ ಯುಟಿಎಂ ಗುರುತು (ಯಾವ ಜಾಗದಿಂದ ಬಂದರು ಎಂದು ತೋರಿಸುವ ಅಕ್ಷರಗಳು) ಸೇರಿಸಿ. ಇಷ್ಟೂ ಬೇಡ ಎನ್ನುವವರು "ನಮ್ಮನ್ನು ಎಲ್ಲಿ ನೋಡಿದ್ರಿ?" ಎಂದು ಬಾಯಿಬಿಟ್ಟು ಕೇಳಿ. ಜನ ಖುಷಿಯಿಂದ ಹೇಳುತ್ತಾರೆ.

ಲಕ್ಷಣ: "ಪ್ರತಿ ತಿಂಗಳೂ ಗುರಿ ತಪ್ಪುತ್ತೆ"

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅತಿ ಜಾಸ್ತಿ ದುಡ್ಡು, ಅತಿ ಜಾಸ್ತಿ ಧೈರ್ಯ ಹಾಳಾಗುವುದು ಈ ಲಕ್ಷಣದಲ್ಲಿ. ಗುರಿ ತಪ್ಪಿದಾಗ ಮನೆಯವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ಎಷ್ಟೋ ಸಲ ಆ ಸಂಖ್ಯೆಯೇ ಕಾಗದದ ಮೇಲೂ ನಿಲ್ಲದಂಥದ್ದು.

ಮೊದಲ ಪ್ರಶ್ನೆ: ಆ ಸಂಖ್ಯೆ ಎಲ್ಲಿಂದ ಬಂತು? ಯಾರೋ ವಿಡಿಯೊದಲ್ಲಿ ಹೇಳಿದ್ದು, ಪಕ್ಕದ ಊರಿನವರು ಮಾಡಿದ್ದು, ದುಂಡಗೆ ಚೆನ್ನಾಗಿ ಕಾಣುತ್ತದೆ ಎಂದು ಇಟ್ಟದ್ದು, ಈ ಮೂರರಲ್ಲಿ ಯಾವುದೇ ಆದರೂ ಅಳಿಸಿ ಹಿಂದಿನಿಂದ ಲೆಕ್ಕ ಹಾಕಿ. ಹೀಗೆ:

ಅರ್ಧ ಕೆಜಿ ಬಾಟಲಿಗೆ ಗಿರಾಕಿ ಕೊಡುವುದು 350. ಮಿಡಿ, ಉಪ್ಪು, ಸಾಸಿವೆ, ಮೆಣಸು, ಬಾಟಲಿ, ಲೇಬಲ್, ಕೂಲಿ ಸೇರಿ 190. ಪ್ಯಾಕಿಂಗ್, ಕೊರಿಯರ್ 60. ಉಳಿಯುವುದು 100. ಅದರಲ್ಲಿ 40 ಆದರೂ ಕೈಗೆ ಬರಲಿ ಎಂದರೆ ಒಂದು ಬಾಟಲಿಗೆ ಜಾಹೀರಾತಿನ ಖರ್ಚು 60 ಮೀರಬಾರದು.

ತಿಂಗಳ ಬಜೆಟ್ 6,000. ಅದರ ಮೇಲೆ ಶೇ 18 ಜಿಎಸ್‌ಟಿ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಒಟ್ಟು 7,080. (ಜಿಎಸ್‌ಟಿ ನೋಂದಣಿ ಇದ್ದವರು ಅದನ್ನು ಹೊಂದಿಸಿಕೊಳ್ಳಲು ಆಗುತ್ತದಾ ಎಂದು ಆಡಿಟರ್ ಹತ್ತಿರ ಕೇಳಿ.) 7,080ನ್ನು 60ರಿಂದ ಭಾಗಿಸಿದರೆ 118. ಅಂದರೆ 118 ಬಾಟಲಿ ಹೋಗಲೇಬೇಕು. ಐದು ಮೆಸೇಜಿಗೆ ಒಂದು ಆರ್ಡರ್ ಎಂಬ ನಮ್ಮ ಹಳೆಯ ಲೆಕ್ಕದಂತೆ 590 ಮೆಸೇಜ್ ಬರಬೇಕು. ದಿನಕ್ಕೆ ಸುಮಾರು 20. 6,000 ರೂಪಾಯಿಗೆ 590 ಮೆಸೇಜ್ ಎಂದರೆ ಒಂದಕ್ಕೆ 10 ರೂಪಾಯಿ ಆಸುಪಾಸು.

ಈಗ ಹಿಂದಿನ ಕ್ಯಾಂಪೇನ್ ತೆಗೆದು ನೋಡಿ. ನಿಮಗೆ ಒಂದು ಮೆಸೇಜ್ 25 ರೂಪಾಯಿಗೆ ಬಿದ್ದಿದ್ದರೆ? 6,000ಕ್ಕೆ 240 ಮೆಸೇಜ್, 48 ಬಾಟಲಿ. ಒಂದು ಬಾಟಲಿಗೆ ಜಾಹೀರಾತಿನ ಖರ್ಚು 147 ದಾಟುತ್ತದೆ. ಉಳಿಯುವುದೇ 100 ಇರುವಾಗ ಪ್ರತಿ ಬಾಟಲಿಗೂ 47 ರೂಪಾಯಿ ಕೈಯಿಂದ ಹೋಗುತ್ತದೆ. ಇನ್ನೂ ಒಂದು ತಿಂಗಳು ಕಷ್ಟಪಟ್ಟರೂ ಈ ಗುರಿ ಮುಟ್ಟುವುದಿಲ್ಲ, ಮುಟ್ಟಿದರೂ ನಷ್ಟವೇ. ದೋಷ ನಿಮ್ಮ ಶ್ರಮದಲ್ಲಿ ಇಲ್ಲ.

ಆಗ ಬಾಟಲಿ ಸಂಖ್ಯೆ ಎಳೆದಾಡುವ ಬದಲು ಗುರಿಯ ಜಾಗವನ್ನೇ ಬದಲಿಸಬಹುದು. ನಾವು ಮೂರು ಬಾಟಲಿಯ ಒಂದು ಡಬ್ಬಿ ಮಾಡಿದೆವು. ಬೇರೆ ಬೇರೆ ಕಳಿಸಿದರೆ ಪ್ಯಾಕಿಂಗ್, ಕೊರಿಯರ್ 180, ಒಟ್ಟಿಗೆ ಕಳಿಸಿದರೆ 110. ಮೂರರ ಉಳಿಕೆ 300, ಜೊತೆಗೆ ಉಳಿದ 70, ಒಟ್ಟು 370. ಅದೇ 48 ಆರ್ಡರ್‌ನಲ್ಲಿ ಅರ್ಧ ಜನ ಡಬ್ಬಿ ಕೊಂಡರೆ 8,880, ಉಳಿದರ್ಧದಿಂದ 2,400, ಸೇರಿ 11,280. ಜಾಹೀರಾತಿನ 7,080 ಕಳೆದರೂ 4,200 ಕೈಯಲ್ಲಿ. ಹೊಸ ಗಿರಾಕಿ ಒಬ್ಬರೂ ಜಾಸ್ತಿ ಬೇಕಾಗಲಿಲ್ಲ. ಚೀಟಿಯಲ್ಲಿ ಬದಲಾದದ್ದು ಒಂದೇ ಮಾತು: "48 ಆರ್ಡರ್, ಅದರಲ್ಲಿ 24 ಡಬ್ಬಿ."

ಎರಡನೇ ಪ್ರಶ್ನೆ: ಕೊಡಲು ಸರಕು ಇದೆಯಾ? ಮಿಡಿ ಕೀಳುವುದು ಬೇಸಿಗೆ ಕಾಲಿಡುವ ಹೊತ್ತಿಗೆ, ಕೆಲವೇ ವಾರ. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯ ಮರಗಳಿಂದ ತೊಟ್ಟು ಮುರಿಯದಂತೆ ಇಳಿಸಬೇಕು. ಉಪ್ಪಿಗೆ ಬಿದ್ದ ಮಿಡಿ ಎಷ್ಟೋ ಆ ವರ್ಷದ ಉಪ್ಪಿನಕಾಯಿ ಅಷ್ಟೇ. ಒಂದು ವರ್ಷ ನಾವು ದೀಪಾವಳಿಗೆ ದೊಡ್ಡ ಗುರಿ ಇಟ್ಟೆವು. ಭರಣಿಯಲ್ಲಿ ಅದರ ಅರ್ಧವೂ ಇರಲಿಲ್ಲ. ದುಡ್ಡು ಹಾಕಿದವರಿಗೆ ವಾಪಸ್ ಕೊಟ್ಟು ಕ್ಷಮೆ ಕೇಳಬೇಕಾಯಿತು. ಚಿಕ್ಕಮ್ಮನಿಗೆ ಆದ ಬೇಜಾರು ನಷ್ಟಕ್ಕಿಂತ ದೊಡ್ಡದಾಗಿತ್ತು. ಈಗ ವರ್ಷದ ಗುರಿ ಬರೆಯುವುದು ಮಿಡಿ ಉಪ್ಪಿಗೆ ಹಾಕಿದ ದಿನ, ಭರಣಿ ಎಣಿಸಿ.

ಮೂರನೇ ಪ್ರಶ್ನೆ: ಯಾವ ತಿಂಗಳನ್ನು ಯಾವುದಕ್ಕೆ ಹೋಲಿಸುತ್ತಿದ್ದೀರಿ? ಆಷಾಢದ ವ್ಯಾಪಾರವನ್ನು ದಸರೆಗೆ ಹೋಲಿಸಿ ಅಳಬೇಡಿ. ಕಳೆದ ವರ್ಷದ ಇದೇ ಹಬ್ಬಕ್ಕೆ ಹೋಲಿಸಿ. ಚೌತಿ, ದಸರಾ, ದೀಪಾವಳಿ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುವುದರಿಂದ ತಿಂಗಳಿನ ಬದಲು ಹಬ್ಬದ ಹಿಂದಿನ ವಾರಗಳನ್ನು ಎಣಿಸುವುದು ಸರಿ. ಇನ್ನೊಂದು ವಿಷಯ, ಆನ್‌ಲೈನ್ ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುತ್ತದೆ. ದಸರಾ ದೀಪಾವಳಿ ಹೊತ್ತಿಗೆ ದೊಡ್ಡ ಕಂಪನಿಗಳೂ ಅದೇ ಹರಾಜಿಗೆ ಬರುವುದರಿಂದ ನಿಮ್ಮ 10 ರೂಪಾಯಿಯ ಮೆಸೇಜ್ ಆಗ ದುಬಾರಿ ಆಗುತ್ತದೆ. ಗುರಿಯಲ್ಲಿ ಅದಕ್ಕೆ ಜಾಗ ಇಡಿ.

ಲಕ್ಷಣ: "ಗುರಿ ಮುಟ್ಟಿತು, ಗಲ್ಲಾ ಮಾತ್ರ ಖಾಲಿ"

ಮೊದಲು ರಿಯಾಯಿತಿ ನೋಡಿ. ಶೇ 20 ರಿಯಾಯಿತಿ ಎಂದರೆ 350ರಲ್ಲಿ 70 ಹೋಯಿತು. ಉಳಿಯುತ್ತಿದ್ದ 100 ಈಗ 30. ಹಿಂದೆ 60 ಬಾಟಲಿಯಲ್ಲಿ ಸಿಗುತ್ತಿದ್ದ 6,000ಕ್ಕೆ ಈಗ 200 ಬಾಟಲಿ ಬೇಕು, ಅದೂ ಜಾಹೀರಾತಿನ ಖರ್ಚು ಬಿಟ್ಟು.

ಆಮೇಲೆ ವಾಪಸ್ ಬಂದ ಪಾರ್ಸೆಲ್ ಎಣಿಸಿ. ಮನೆಗೆ ಬಂದಾಗ ದುಡ್ಡು ಕೊಡುವ ಪದ್ಧತಿ ಇಟ್ಟಿದ್ದರೆ ಕೆಲವರು ತಗೊಳ್ಳುವುದೇ ಇಲ್ಲ. ಹೋಗುವ ಖರ್ಚು, ಬರುವ ಖರ್ಚು ಎರಡೂ ನಿಮ್ಮ ಮೇಲೆ, ಗಾಜಿನ ಬಾಟಲಿ ಒಡೆದರೆ ಅದೂ ನಿಮ್ಮದೇ. ಗುರಿಯಲ್ಲಿ "ಆರ್ಡರ್" ಎಂದು ಬರೆದಿದ್ದರೆ ಇವೆಲ್ಲ ಗೆಲುವಿನ ಲೆಕ್ಕಕ್ಕೇ ಸೇರುತ್ತವೆ. "ತಲುಪಿ, ದುಡ್ಡು ಬಂದ ಬಾಟಲಿ" ಎಂದು ತಿದ್ದಿ.

ಮೂರನೆಯದು ಸ್ವಲ್ಪ ಸೂಕ್ಷ್ಮ. ನನಗೆ ಗೊತ್ತಿರುವ ಒಂದು ಬಟ್ಟೆ ಅಂಗಡಿಯಲ್ಲಿ, ಹೆಚ್ಚು ಮೆಸೇಜಿಗೆ ಉತ್ತರ ಕೊಟ್ಟರೆ ಹೆಚ್ಚು ಇನಾಮು ಎಂದು ಹುಡುಗನಿಗೆ ಹೇಳಿದ್ದರು. ಅವನು ಒಂದೇ ಉತ್ತರವನ್ನು ನಾಲ್ಕು ತುಂಡು ಮಾಡಿ ಕಳಿಸತೊಡಗಿದ. ಅವನದು ತಪ್ಪು ಎಂದು ನಾನು ಹೇಳಲಾರೆ. ಅವನಿಗೆ ಕೊಟ್ಟ ಅಳತೆಯೇ ಹಾಗಿತ್ತು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತು ಇಂಥದ್ದನ್ನೇ ಕುರಿತದ್ದು: ಅಳತೆಯನ್ನೇ ಗುರಿ ಮಾಡಿಕೊಂಡರೆ ಆ ಅಳತೆ ನಂಬಿಕೆಗೆ ಉಳಿಯುವುದಿಲ್ಲ. ಇದಕ್ಕೆ ನಾನು ಮಾಡುವ ಉಪಾಯ, ಪ್ರತಿ ಗುರಿಯ ಪಕ್ಕ ಒಂದು ಕಾವಲು ಸಂಖ್ಯೆ ಇಡುವುದು. ಬಾಟಲಿ 80 ಆಗಬೇಕು, ಆದರೆ ಜಾಹೀರಾತಿನ ಖರ್ಚು ಕಳೆದು ಒಂದರ ಉಳಿಕೆ 40ಕ್ಕಿಂತ ಇಳಿಯಬಾರದು. ಕಾವಲು ಮುರಿದರೆ ಗುರಿ ಮುಟ್ಟಿದರೂ ಪ್ರಚಾರ ನಿಲ್ಲಿಸಿ ನೋಡಬೇಕು.

ಇವು ಕಂಡರೆ ತಕ್ಷಣ ನಿಲ್ಲಿಸಿ

ನೀವು ಹಾಕದ ಜಾಹೀರಾತು ನಿಮ್ಮ ಖಾತೆಯಲ್ಲಿ ಓಡುತ್ತಿದ್ದರೆ, ಅಥವಾ ಗೊತ್ತಿಲ್ಲದೆ ದುಡ್ಡು ಕಟ್ ಆಗುತ್ತಿದ್ದರೆ, ಅದು ಗುರಿಯ ದೋಷವಲ್ಲ, ಖಾತೆ ಕಳ್ಳರ ಕೈಗೆ ಹೋಗಿರಬಹುದು. ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಭದ್ರತೆ ಹಾಕಿ. ಖಾತೆಯ ಒಟ್ಟು ಖರ್ಚಿಗೆ ಮಿತಿ ಹಾಕುವ ಅವಕಾಶ ಮೆಟಾದಲ್ಲಿದೆ, ಅದನ್ನು ಇವತ್ತೇ ಹಾಕಿಡಿ. ದಿನದ ಬಜೆಟ್‌ಗಿಂತ ಒಂದೊಂದು ದಿನ ಸ್ವಲ್ಪ ಜಾಸ್ತಿ ಖರ್ಚಾಗಿ ವಾರದ ಲೆಕ್ಕದಲ್ಲಿ ಸರಿಹೋಗುವುದು ಮಾಮೂಲು. ಅದಕ್ಕೆ ಗಾಬರಿ ಬೇಡ.

ಗುರಿ ಮುಟ್ಟುವ ಅವಸರದಲ್ಲಿ ನಂಬರ್‌ಗಳ ಪಟ್ಟಿ ಕೊಂಡು ವಾಟ್ಸಾಪ್‌ನಲ್ಲಿ ರಾಶಿ ಮೆಸೇಜ್ ಕಳಿಸಬೇಡಿ. ಜನ ದೂರು ಕೊಟ್ಟರೆ ನಂಬರೇ ಬಂದ್ ಆಗಬಹುದು. ವರ್ಷಗಳಿಂದ ಬಂದ ಗಿರಾಕಿಗಳೆಲ್ಲ ಆ ನಂಬರಿನಲ್ಲೇ ಇದ್ದಾರೆ, ಅಲ್ವಾ?

ತಿನ್ನುವ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಲೇಬಲ್ ಮೇಲೆ ಬರುವ ತನಕ ಪ್ರಚಾರವನ್ನೇ ಶುರು ಮಾಡಬೇಡಿ. "ಸಕ್ಕರೆ ಕಾಯಿಲೆಗೆ ಒಳ್ಳೆಯದು" ಎಂಬಂಥ ಮಾತು ಬೇಡವೇ ಬೇಡ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ.

ಇನ್ನೊಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಒಡವೆ ಅಡ ಇಟ್ಟ ದುಡ್ಡು, ಮಕ್ಕಳ ಫೀಸಿನ ದುಡ್ಡು ಜಾಹೀರಾತಿಗೆ ಹಾಕುವ ಹಂತಕ್ಕೆ ಬಂದಿದ್ದರೆ ಅಲ್ಲೇ ನಿಲ್ಲಿಸಿ. ಹೋದರೂ ಮನೆ ನಡೆಯುತ್ತದೆ ಎನ್ನುವಷ್ಟು ದುಡ್ಡಿನಲ್ಲಿ ಮಾತ್ರ ಪರೀಕ್ಷೆ ಮಾಡಬೇಕು.

ಬೇರೆಯವರ ಸಹಾಯ ಯಾವಾಗ

ಚೀಟಿ ಬರೆದಾಗಿದೆ, ಉದ್ದೇಶ ಸರಿ ಇದೆ, ಮೆಟ್ಟಿಲು ಎಣಿಸಿದ್ದೀರಿ, ಹಿಂದಿನಿಂದ ಲೆಕ್ಕ ಹಾಕಿದ್ದೀರಿ, ಎರಡು ಹಬ್ಬ ಕಳೆದರೂ ಕಾವಲು ಸಂಖ್ಯೆ ಮುರಿಯುತ್ತಲೇ ಇದೆ ಎಂದಾದರೆ ತಿಳಿದವರ ಹತ್ತಿರ ಹೋಗಿ. ವೆಬ್‌ಸೈಟಿನಲ್ಲಿ ಮಾರಾಟದ ಎಣಿಕೆಯೇ ದಾಖಲಾಗುತ್ತಿಲ್ಲ ಎಂದಾದರೆ ಅದು ತಾಂತ್ರಿಕ ಕೆಲಸ, ಮೊದಲ ವಾರವೇ ತೋರಿಸಿ.

"ತಿಂಗಳಿಗೆ ಇಷ್ಟು ಆರ್ಡರ್ ಗ್ಯಾರಂಟಿ" ಎನ್ನುವವರಿಂದ ದೂರ ಇರಿ. ನಿಮ್ಮ ಉಳಿಕೆ ಎಷ್ಟು, ಸರಕು ಎಷ್ಟು ಎಂದು ಕೇಳುವ ಮೊದಲೇ ಸಂಖ್ಯೆ ಹೇಳುವವರು ಯಾವ ಲೆಕ್ಕದ ಮೇಲೆ ಹೇಳುತ್ತಾರೆ? ಜಾಹೀರಾತು ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಪಾಸ್‌ವರ್ಡ್ ಕೊಡಬೇಡಿ, ಸೆಟ್ಟಿಂಗ್ಸ್‌ನಲ್ಲಿ ಅವರಿಗೆ ಬೇಕಾದಷ್ಟೇ ಅನುಮತಿ ಕೊಡಿ, ಕೆಲಸ ಮುಗಿದ ದಿನ ತೆಗೆಯಿರಿ.

ಮೊದಲ ಭೇಟಿಗೆ ಹೋಗುವಾಗ ಮೂರು ಕಾಗದ ಹಿಡಿದುಕೊಂಡು ಹೋಗಿ: ಗುರಿಯ ಚೀಟಿ, ಹತ್ತು ದಿನದ ಮೆಟ್ಟಿಲ ಲೆಕ್ಕ, ಒಂದು ಬಾಟಲಿಯ ಖರ್ಚಿನ ಪಟ್ಟಿ. ಅವರು ಆ ಮೂರನ್ನೂ ಓದಿ ಪ್ರಶ್ನೆ ಕೇಳಿದರೆ ಮಾತು ಮುಂದುವರಿಸಿ. ಕಾಗದ ಪಕ್ಕಕ್ಕಿಟ್ಟು ಪ್ಯಾಕೇಜ್ ದರ ಹೇಳಲು ಶುರು ಮಾಡಿದರೆ ಕಾಫಿ ಕುಡಿದು ಎದ್ದು ಬನ್ನಿ.